ಉರುಳುವ ಮನೆಯಲ್ಲಿ ಎಂಟು ದಿನ

ಪ್ರವಾಸವೆಂದರೆ ಮನೆಗೆ ಬೀಗವಿಕ್ಕಿ ಹೊರಡುವುದು ಎಂಬುದು ನಮ್ಮಲ್ಲಿ ರೂಢಿ. ಮನೆಯನ್ನೇ ಜೊತೆಯಲ್ಲಿ ಕೊಂಡೊಯ್ಯುವ ಪ್ರವಾಸವೂ ಒಂದುಂಟೆಂದು ನಾನು ಅರಿತದ್ದು ಅರುವತ್ತು ದಾಟಿದ ಮೇಲೆ. ನಮ್ಮ ಮಗನು ಜರ್ಮನಿಯಲ್ಲಿ ಉದ್ಯೋಗದಲ್ಲಿರುವನು. ಚಳಿಗಾಲದಲ್ಲಿ ನಾವಿಬ್ಬರೂ ಅವನಲ್ಲಿಗೆ ಹೋಗಿದ್ದೆವು. ಅಲ್ಲಿಯ ಮೋಡ ಮುಸುಕಿದ ದಿನಗಳಲ್ಲಿ ನಮ್ಮ ಯಜಮಾನರಿಗೆ ಮೊಣಕಾಲು ನೋವು ಹೆಚ್ಚಿತು. “ಅಮ್ಮಾ, ಬಿಸಿಲಿರುವ ಕಡೆಗೆ ಹೋಗೋಣ; ಅಪ್ಪನಿಗೂ ಹಿತವಾದೀತು” ಎಂದು ಮಗನು ಹೇಳಿ, ಸ್ಪೇನಿನ ಸೆವಿಲ್ಯಾ ನಗರದಲ್ಲಿ ಎಂಟು ದಿನಗಳ ಮಟ್ಟಿಗೆ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಹಿಡಿದನು. ಮಗ, ಸೊಸೆ, ನಾವಿಬ್ಬರು, ಹೀಗೆ ನಾಲ್ವರು ಪೋರ್ಚುಗಲ್ಲಿನ ದಕ್ಷಿಣದ ಅಂಚಾದ ಆಲ್ಗಾರ್ವ್ ಕರಾವಳಿಗೆ ಹೊರಟೆವು.

ಮೊದಲು ಈ ಬಂಡಿಯ ವಿಚಾರವನ್ನು ಹೇಳಬೇಕು. ಹೊರಗಿನಿಂದ ಅದು ಒಂದು ಸಣ್ಣ ಲಾರಿಯಂತೆ ಕಾಣುವುದು. ಒಳಗೆ ಎರಡು ಉರಿಯ ಗ್ಯಾಸಿನ ಒಲೆ, ಫ್ರಿಜ್ಜು, ಕಪಾಟುಗಳು, ಹಗಲಿನಲ್ಲಿ ಊಟದ ಮೇಜೂ ರಾತ್ರಿ ಹಾಸಿಗೆಯೂ ಆಗುವ ಒಂದು ಸ್ಥಳ, ಹಿಂದೆ ಮಂಚ, ಮೂಲೆಯಲ್ಲಿ ಬಚ್ಚಲು. ಮಾಡಿನ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಮಾಡುವ ಫಲಕವಿರುತ್ತದೆ. ಒಟ್ಟು ತೂಕವು ೩,೫೦೦ ಕಿಲೋಗ್ರಾಮನ್ನು ಮೀರದಿದ್ದರೆ ಯುರೋಪಿನಲ್ಲಿ ಸಾಧಾರಣ ಕಾರಿನ ಪರವಾನಗಿಯೇ ಇದಕ್ಕೆ ಸಾಕು. ಇದೆಲ್ಲಕ್ಕಿಂತ ಮುಖ್ಯವಾದುವು ಕಣ್ಣಿಗೆ ಕಾಣದ ಮೂರು ಪಾತ್ರೆಗಳು. ಶುದ್ಧಜಲದ ತೊಟ್ಟಿಯು ಒಂದು. ನಮ್ಮದರಲ್ಲಿ ಅದು ೧೦೦ ಲೀಟರ್ ಹಿಡಿಯುತ್ತಿತ್ತು. ಬಳಸಿದ ನೀರು ಇಳಿಯುವ ತೊಟ್ಟಿಯು ಇನ್ನೊಂದು. ಮೂರನೆಯದು ಪಾಯಿಖಾನೆಯ ಪೆಟ್ಟಿಗೆ. ಇವುಗಳಲ್ಲಿ ಮೊದಲನೆಯದನ್ನು ತುಂಬುವುದಕ್ಕೂ ಉಳಿದೆರಡನ್ನು ಬರಿದುಮಾಡುವುದಕ್ಕೂ ಊರೂರಿನಲ್ಲಿ ಗೊತ್ತಾದ ಸ್ಥಳಗಳಿರುತ್ತವೆ.

ಸ್ಪೇನಿಗೂ ಪೋರ್ಚುಗಲ್ಲಿಗೂ ನಡುವೆ ಗ್ವಾದಿಯಾನಾ ನದಿಯು ಹರಿಯುತ್ತದೆ. ೧೯೯೧ರಲ್ಲಿ ತೆರೆದ ಸೇತುವೆಯನ್ನು ದಾಟಿದೊಡನೆ ನಾವು ಆಲ್ಗಾರ್ವಿನಲ್ಲಿದ್ದೆವು. ಈ ಹೆಸರು ಅರಬ್ಬಿಯ ಅಲ್-ಗರ್ಬ್ ಎಂಬುದರಿಂದ ಬಂದುದು. ಪಡುವಣ ಸೀಮೆ ಎಂದು ಅರ್ಥ. ಐನೂರು ವರ್ಷಗಳ ಕಾಲ ಮುಸಲ್ಮಾನ ಅರಸರ ಆಳ್ವಿಕೆಯಲ್ಲಿದ್ದ ಈ ನಾಡು ೧೨೪೯ರಲ್ಲಿ ಪೂರ್ಣವಾಗಿ ಪೋರ್ಚುಗಲ್ಲಿನ ದೊರೆಯ ವಶವಾಯಿತು. ವರ್ಷಕ್ಕೆ ೩,೦೦೦ ಗಂಟೆಗಳಿಗೂ ಮೀರಿ ಇಲ್ಲಿ ಬಿಸಿಲು ಬೀಳುವುದಂತೆ. ನಾವು ಹೋದದ್ದು ಫೆಬ್ರವರಿ. ಉತ್ತರದಲ್ಲಿ ಮಂಜು ಬೀಳುತ್ತಿದ್ದರೆ ಇಲ್ಲಿ ಬಾದಾಮಿಯ ಗಿಡಗಳು ಬಿಳಿಯ ಹೂವನ್ನು ಹೊತ್ತು ನಿಂತಿದ್ದುವು. ಈ ಬಿಸಿಲನ್ನು ಅರಸಿಕೊಂಡು ಜರ್ಮನಿ, ಹಾಲೆಂಡು, ಇಂಗ್ಲೆಂಡುಗಳ ವೃದ್ಧ ದಂಪತಿಗಳು ತಮ್ಮ ಉರುಳುವ ಮನೆಗಳಲ್ಲಿ ಬಂದು ತಿಂಗಳುಗಟ್ಟಲೆ ಇಲ್ಲಿಯೇ ಚಳಿಗಾಲವನ್ನು ಕಳೆಯುತ್ತಾರೆ.

ಮೊದಲ ಊರು ವಿಲಾ ರೆಯಾಲ್ ದೆ ಸಾಂತು ಅಂತೋನಿಯು. ಪೊಂಬಾಲ್ ಎಂಬ ಪ್ರಸಿದ್ಧ ಮಂತ್ರಿಯು ೧೭೭೦ರ ದಶಕದಲ್ಲಿ ಚದುರಂಗದ ಮಣೆಯಂತೆ ಗೆರೆಯೆಳೆದು ಕಟ್ಟಿಸಿದ ಪಟ್ಟಣವಿದು. ಅಲ್ಲಿ ಒಂದು ಗಳಿಗೆ ನಿಂತು ತಾವಿರಾ ಪಟ್ಟಣಕ್ಕೆ ನಡೆದೆವು.

ತಾವಿರಾ ನನ್ನ ಮನಸ್ಸನ್ನು ಸೆಳೆದ ಊರು. ನಡುವೆ ಹೊಳೆ, ಅದರ ಮೇಲೆ ಏಳು ಕಮಾನಿನ ಕಲ್ಲುಸೇತುವೆ, ಎರಡೂ ದಡಗಳಲ್ಲಿ ಸುಣ್ಣ ಬಳಿದ ಮನೆಗಳು, ಅವುಗಳ ಮೇಲೆ ನಾಲ್ಕೂ ಕಡೆಗೆ ಇಳಿಜಾರಾದ ಪುಟ್ಟ ಹೆಂಚಿನ ಮಾಡುಗಳು. ಊರಿನಿಂದ ಕಡಲ ಕಡೆಗೆ ಹೋದರೆ ಕಣ್ಣು ಹಾಯುವಷ್ಟು ದೂರ ಉಪ್ಪಿನ ಗದ್ದೆಗಳು. ನಮ್ಮ ಊರು ಕುಮಟೆ. ಸಾಣಿಕಟ್ಟೆಯ ಉಪ್ಪಿನ ಆಗರವನ್ನು ಕಂಡು ಬೆಳೆದವಳು ನಾನು. ಅಂಥದೇ ಬದುಗಳು, ಅಂಥದೇ ತೂಬುಗಳು. ಚಳಿಗಾಲವಾದುದರಿಂದ ಗದ್ದೆಗಳಲ್ಲಿ ನೀರು ನಿಂತಿತ್ತು. ಅದರಲ್ಲಿ ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿದ್ದುವು. ಬೇಸಗೆಯಲ್ಲಿ ನೀರು ಆರಿ ಉಪ್ಪು ಕಟ್ಟುವುದು.

ಆ ಸಂಜೆ ನನ್ನಿಂದ ಒಂದು ಅವಾಂತರವಾಯಿತು. ಮನೆಯ ಅಭ್ಯಾಸದಂತೆ ಅಕ್ಕಿಯನ್ನು ಮೂರು ಸಲ ತೊಳೆದು, ಪಾತ್ರೆಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ಗಲಬರಿಸಿ, ಎಲ್ಲರೂ ಬಿಸಿನೀರಿನ ಸ್ನಾನ ಮಾಡಲೆಂದು ಬಿಟ್ಟೆನು. ರಾತ್ರಿ ಎಂಟು ಗಂಟೆಗೆ ನಲ್ಲಿ ಗೊರಗೊರನೆ ಸದ್ದು ಮಾಡಿ ಸುಮ್ಮನಾಯಿತು. ನೂರು ಲೀಟರೆಂದರೆ ಏಳೆಂಟು ಕೊಡ. ಅಷ್ಟನ್ನೂ ನಾವು ಒಂದೇ ದಿನದಲ್ಲಿ ಮುಗಿಸಿದ್ದೆವು. ಸೊಸೆಯು ನಗುತ್ತ, “ಅತ್ತೆ, ಇದು ಎರಡು ದಿನಕ್ಕೆ ಬರಬೇಕಾದ ನೀರು” ಎಂದಳು. ನನಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಬಾವಿಯಿಂದ ಸೇದಿ ಸೊಂಟದ ಮೇಲೆ ಹೊತ್ತು ತಂದ ಪ್ರತಿಯೊಂದು ಕೊಡದ ಲೆಕ್ಕವೂ ನನಗಿತ್ತು. ಮನೆಗೆ ನಲ್ಲಿ ಬಂದ ಮೇಲೆ ಆ ಲೆಕ್ಕವು ಮರೆತುಹೋಗಿತ್ತು.

ಮರುದಿನ ನೀರು ತುಂಬಿಸಿಕೊಳ್ಳುವಾಗ ಅಲ್ಲಿಯವರಿಂದ ಇನ್ನೂ ಒಂದು ಸಂಗತಿ ತಿಳಿಯಿತು. ಅನಾವೃಷ್ಟಿಯಿಂದ ಕಟ್ಟೆಗಳು ಬತ್ತಿ, ೨೦೨೪ರ ಮೊದಲಲ್ಲಿ ಸರಕಾರವು ಈ ಸೀಮೆಯ ಬೇಸಾಯಕ್ಕೆ ನೂರಕ್ಕೆ ೨೫ ಪಾಲು, ಪಟ್ಟಣಗಳಿಗೆ ೧೫ ಪಾಲು ನೀರನ್ನು ಕಡಿತ ಮಾಡಬೇಕಾಯಿತು. ಆಮೇಲೆ ಮಳೆ ಬಂದು ಆ ಕಟ್ಟಳೆ ಸಡಿಲವಾಯಿತು. ಬಿಸಿಲಿಗಾಗಿ ಬರುವ ಅತಿಥಿಗೆ ಸುಖವೆನಿಸುವ ಆಕಾಶವೇ ಕಿತ್ತಿಳೆಯ ತೋಟದವನಿಗೆ ಚಿಂತೆ. ಅಂದಿನಿಂದ ನಾನು ಒಂದು ಬೋಗುಣಿಯಲ್ಲಿ ನೀರಿಟ್ಟುಕೊಂಡು ಅದರಲ್ಲಿಯೇ ಪಾತ್ರೆ ತೊಳೆಯತೊಡಗಿದೆನು. ಮುಂದಿನ ನೂರು ಲೀಟರು ಎರಡೂವರೆ ದಿನ ಬಂದಿತು.

ತಾವಿರಾದಿಂದ ಫಾರೋವಿನವರೆಗೂ ಅದರಾಚೆಗೂ ಕರಾವಳಿಯ ಮುಂದೆ ಮರಳಿನ ದ್ವೀಪಗಳು ಒಂದು ಗೋಡೆಯಂತೆ ಹಬ್ಬಿವೆ. ಅವುಗಳ ಹಿಂದೆ ಸುಮಾರು ೬೦ ಕಿಲೋಮೀಟರ್ ಉದ್ದದ ಹಿನ್ನೀರು. ರಿಯಾ ಫೊರ್ಮೋಜಾ ಎಂಬ ಈ ಹಿನ್ನೀರು ೧೯೮೭ರಿಂದ ರಕ್ಷಿತ ಪ್ರದೇಶ. ಇಳಿತದ ವೇಳೆ ಜನರು ಕೆಸರಿನಲ್ಲಿ ಬಾಗಿ ಚಿಪ್ಪುಗಳನ್ನು ಆಯುವುದನ್ನು ಕಂಡಾಗ ಅಘನಾಶಿನಿಯ ದಡದಲ್ಲಿ ಬಳಚು ಆಯುವ ನಮ್ಮ ಹೆಂಗಸರ ನೆನಪಾಯಿತು. ಫಾರೋ ನಗರದ ಹಳೆಯ ಕೋಟೆಯ ಬಾಗಿಲ ಮೇಲೆ ಕೊಕ್ಕರೆಗಳು ಗೂಡು ಕಟ್ಟಿವೆ. ೧೫೯೬ರಲ್ಲಿ ಇಂಗ್ಲಿಷರು ಈ ಊರನ್ನು ಸುಲಿದು, ಬಿಷಪ್ಪನ ಗ್ರಂಥಗಳನ್ನು ಹೊತ್ತುಕೊಂಡು ಹೋದರು. ಅವು ಆಕ್ಸ್‌ಫರ್ಡಿನ ಬೋಡ್ಲಿಯನ್ ಪುಸ್ತಕಭಂಡಾರವನ್ನು ಸೇರಿದುವು. ಪೇಟೆಯಲ್ಲಿ ತರಕಾರಿ ಕೊಳ್ಳುವಾಗ ಬಟಾಟೆಗೆ ಬಟಾಟಾ ಎಂದೇ, ಅನಾನಸಿಗೆ ಅನಾನಾಸ್ ಎಂದೇ ಕೇಳಿ ನಾನು ಬೆರಗಾದೆನು. ಬೀಗದ ಕೈಗೆ ಶಾವೆ, ಕಿಟಕಿಗೆ ಜನೇಲಾ, ದೇವಾಲಯಕ್ಕೆ ಇಗ್ರೇಜಾ. ನಮ್ಮ ಕರಾವಳಿಯ ಚಾವಿ, ಜನೇಲು, ಇಗರ್ಜಿಗಳು ಇಲ್ಲಿಂದ ಹಡಗು ಹತ್ತಿ ಬಂದುವು. ನಮ್ಮ ಗುಡ್ಡಗಳ ಗೇರು, ನಮ್ಮ ಸಾರಿನ ಮೆಣಸಿನಕಾಯಿ, ಇವೂ ಅಮೇರಿಕದಿಂದ ಆ ಹಡಗುಗಳಲ್ಲಿಯೇ ಬಂದುವಲ್ಲವೇ!

ನಾಲ್ಕನೆಯ ದಿನ ಕಡಲನ್ನು ಬಿಟ್ಟು ಒಳನಾಡಿನ ಸಿಲ್ವೆಸ್ ಊರಿಗೆ ಹೋದೆವು. ಅರಬ್ಬರ ಕಾಲದಲ್ಲಿ ಇದು ಈ ಸೀಮೆಯ ರಾಜಧಾನಿ. ಕೆಂಪು ಮರಳುಗಲ್ಲಿನ ಕೋಟೆಯು ಗುಡ್ಡದ ತಲೆಯ ಮೇಲೆ ಇಂದಿಗೂ ಉರಿಯುವಂತೆ ನಿಂತಿದೆ. ೧೧೮೯ರಲ್ಲಿ ಪೋರ್ಚುಗಲ್ಲಿನ ದೊರೆ ಸಾಂಚೋ ಎಂಬವನು ಉತ್ತರ ಯುರೋಪಿನ ಧರ್ಮಯೋಧರ ನೆರವಿನಿಂದ ಇದನ್ನು ಮುತ್ತಿದನು. ಗೋಡೆಗಳು ಬೀಳಲಿಲ್ಲ, ಆದರೆ ಮುತ್ತಿಗೆ ಹಾಕಿದವರು ಊರಿಗೆ ನೀರು ಒದಗುತ್ತಿದ್ದ ಬಾವಿಯ ಬುರುಜನ್ನು ಹಿಡಿದರು. ಬಾಯಾರಿದ ಊರು ಶರಣಾಯಿತು. ಈಗ ಅಲ್ಲಿಯ ವಸ್ತುಸಂಗ್ರಹಾಲಯದ ನಡುವೆ ಆ ಕಾಲದ ಒಂದು ಬಾವಿಯುಂಟು. ಅದರ ಸುತ್ತ ಸುರುಳಿ ಸುರುಳಿಯಾಗಿ ಮೆಟ್ಟಿಲುಗಳು ಇಳಿಯುತ್ತವೆ. ಅದರ ಕಟ್ಟೆಯ ಬಳಿ ನಿಂತಾಗ ನಮ್ಮ ತಾವಿರಾದ ಸಂಜೆಯ ನೆನಪಾಗದೆ ಇರಲಿಲ್ಲ.

ಅಲ್ಲಿಂದ ಲಾಗೋಸ್. ಹೊಂಬಣ್ಣದ ಬಂಡೆಗಳು ಕಮಾನುಗಳಾಗಿ ಗುಹೆಗಳಾಗಿ ಸಮುದ್ರಕ್ಕೆ ಇಳಿದಿರುವ ಈ ಊರಿನ ಅಂದವನ್ನು ಯಾರೂ ಹೊಗಳುವರು. ಆದರೆ ಇಲ್ಲಿ ನಡೆದುದನ್ನು ಅರಿತು ನೋಡಬೇಕು. ೧೪೪೪ರ ಆಗಸ್ಟಿನಲ್ಲಿ ಆಫ್ರಿಕದ ತೀರದಿಂದ ಹಿಡಿದು ತಂದ ೨೩೫ ಮಂದಿಯನ್ನು ಇಲ್ಲಿ ದಡಕ್ಕಿಳಿಸಿ, ತಾಯಿ ಮಕ್ಕಳೆಂದು ನೋಡದೆ ಪಾಲು ಹಾಕಿದರು. ಐದರಲ್ಲಿ ಒಂದು ಪಾಲು ರಾಜಕುಮಾರ ಹೆನ್ರಿಗೆ ಸಂದಿತು. ಆ ದಿನವನ್ನು ಬರೆದಿಟ್ಟ ಆಸ್ಥಾನದ ಚರಿತ್ರಕಾರ ಜುರಾರಾ ಎಂಬವನಿಗೂ ಕಣ್ಣೀರು ತಡೆಯಲಾಗಲಿಲ್ಲವಂತೆ. ೨೦೦೯ರಲ್ಲಿ ಹಳೆಯ ಗೋಡೆಯ ಹೊರಗೆ, ಕಾರುಗಳನ್ನು ನಿಲ್ಲಿಸಲು ನೆಲ ಅಗೆಯುತ್ತಿದ್ದಾಗ, ಹಿಂದೆ ಕಸ ಸುರಿಯುತ್ತಿದ್ದ ಸ್ಥಳದಲ್ಲಿ ನೂರೈವತ್ತಕ್ಕೂ ಮೀರಿ ಆಫ್ರಿಕನರ ಅಸ್ಥಿಗಳು ದೊರೆತುವು. ಊರಿನ ಚೌಕದ ಹಳೆಯ ಕಟ್ಟಡವೊಂದರಲ್ಲಿ ಈಗ ಆ ದಾಸರ ಕಥೆಯನ್ನು ಹೇಳುವ ಸಂಗ್ರಹಾಲಯವಿದೆ. ಹೊರಬಂದ ಮೇಲೆ ಬಹಳ ಹೊತ್ತು ನಾವು ಯಾರೂ ಮಾತಾಡಲಿಲ್ಲ.

ಏಳನೆಯ ದಿನ ಸಾಗ್ರೆಸ್ ಊರನ್ನೂ ಅದರಾಚೆಯ ಸಂತ ವಿಸೆಂಟಿಯ ಭೂಶಿರವನ್ನೂ ಮುಟ್ಟಿದೆವು. ಯುರೋಪ್ ಖಂಡದ ನೆಲವು ನೈಋತ್ಯದಲ್ಲಿ ಇಲ್ಲಿಗೆ ಮುಗಿಯುತ್ತದೆ. ಕಡಿದಾದ ಬಂಡೆಯ ಮೇಲೆ ೧೮೪೬ರ ದೀಪಸ್ತಂಭ. ಕೆಳಗೆ ಅಟ್ಲಾಂಟಿಕ್ ಸಾಗರದ ಮೊರೆತ. ರಾಜಕುಮಾರ ಹೆನ್ರಿಯು ೧೪೬೦ರಲ್ಲಿ ಸಾಗ್ರೆಸ್ಸಿನಲ್ಲಿ ತೀರಿಕೊಂಡನು. ಅವನು ಆರಂಭಿಸಿದ ಯಾತ್ರೆಗಳ ಕೊನೆಯಲ್ಲಿ, ೧೪೯೮ರಲ್ಲಿ, ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದನು.

ಸೂರ್ಯಾಸ್ತವನ್ನು ಕಂಡ ಬಳಿಕ ರಾತ್ರಿಯನ್ನು ಅಲ್ಲಿಯೇ ಕಳೆಯಬೇಕೆಂದು ನಮ್ಮ ಯಜಮಾನರಿಗೆ ಆಸೆಯಾಯಿತು. ಮಗನು ಬೇಡವೆಂದರೂ ಅವರು ಬಿಡಲಿಲ್ಲ. ಕಿಟಕಿಗೆ ಪರದೆ ಎಳೆದು ಗಂಜಿ ಊಟ ಮಾಡುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಕಾವಲಿನ ಅಧಿಕಾರಿ. “ಇದು ರಕ್ಷಿತ ಪ್ರದೇಶ, ಇಲ್ಲಿ ಬಂಡಿಯಲ್ಲಿ ಮಲಗಬಾರದು. ಸಾಗ್ರೆಸ್ಸಿನಲ್ಲಿ ಇದಕ್ಕಾಗಿಯೇ ಸ್ಥಳವಿದೆ” ಎಂದು ಸಭ್ಯತೆಯಿಂದಲೇ ಹೇಳಿದನು. ಬಂಡಿ ಹೊರಟ ಮೇಲೆ ನಮ್ಮವರು ಸಿಡುಕಿದರು: “ಇವರ ಹಡಗುಗಳು ಅಂಜದೀವಿಗೆ ಬಂದಾಗ ನಮ್ಮವರನ್ನು ಯಾರು ಕೇಳಿದ್ದರು?”

ನಾನೆಂದೆ: “ಕೇಳದೆ ಬಂದರೆಂದೇ ಅಲ್ಲವೇ ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲೊಲ್ಲದೆ ಕಾದಿದ್ದು? ಅದನ್ನು ತಪ್ಪೆನ್ನುವ ನಾವಾದರೂ ಕೇಳಿಕೊಂಡು ಇರೋಣ. ಎರಡು ಮೈಲಿ ಹಿಂದೆ ಹೋದರೆ ನೀವು ಕಂಡ ಸಮುದ್ರವೇನೂ ಬತ್ತುವುದಿಲ್ಲ.” ಅವರು ಸುಮ್ಮನಾದರು. ಮರುದಿನ ಬೆಳಿಗ್ಗೆ ಮತ್ತೆ ಭೂಶಿರಕ್ಕೆ ನಡೆದುಹೋದಾಗ, ಪೊದೆಗಳ ಹಿಂದೆ ಯಾರೋ ಬಿಟ್ಟುಹೋದ ಹೊಲಸು ಕಾಗದಗಳನ್ನೂ ತೊಟ್ಟಿಯ ನೀರನ್ನು ಚೆಲ್ಲಿದ ಕಲೆಯನ್ನೂ ಅವರೇ ನನಗೆ ತೋರಿಸಿ, “ಆ ಹುಡುಗನು ಹೇಳಿದ್ದು ಸರಿ” ಎಂದರು.

ಇಂಥ ಪ್ರವಾಸಕ್ಕೆ ಹೊರಡುವವರಿಗೆ ಎರಡು ಮಾತು. ಪೋರ್ಚುಗಲ್ಲಿನ ೨೦೨೧ರ ಕಾನೂನಿನಂತೆ, ರಕ್ಷಿತ ಪ್ರದೇಶಗಳಲ್ಲಿಯೂ ಕರಾವಳಿಯ ಯೋಜನೆಗೆ ಸೇರಿದ ಭಾಗಗಳಲ್ಲಿಯೂ ನಿಯಮಿಸಿದ ಸ್ಥಳಗಳ ಹೊರಗೆ ಮೋಟಾರು ಮನೆಯಲ್ಲಿ ರಾತ್ರಿ ತಂಗಕೂಡದು. ಉಳಿದೆಡೆಗಳಲ್ಲಿ ಸ್ಥಳೀಯ ನಿಷೇಧವಿಲ್ಲದಿದ್ದರೆ ಒಂದು ಪುರಸಭೆಯ ಎಲ್ಲೆಯಲ್ಲಿ ೪೮ ಗಂಟೆಗಳವರೆಗೆ ಇರಬಹುದು. ಈ ಸೀಮೆಯ ಹೆದ್ದಾರಿಯ ಸುಂಕವನ್ನು ೨೦೨೫ರ ಜನವರಿಯಿಂದ ತೆಗೆದುಹಾಕಿದ್ದಾರೆ. ಆದರೂ ಊರುಗಳನ್ನು ಕಾಣಬೇಕಾದರೆ ಅವುಗಳ ನಡುವೆ ಸಾಗುವ ೧೨೫ನೆಯ ಅಂಕೆಯ ಹಳೆಯ ರಸ್ತೆಯೇ ಲೇಸು. ಅಕ್ಕಿ, ಬೇಳೆ, ಹುಣಿಸೆಹುಳಿಗಳನ್ನು ಜೊತೆಗಿಟ್ಟುಕೊಂಡರೆ ಅಡಿಗೆಗೆ ತೊಂದರೆಯಿಲ್ಲ. ತರಕಾರಿಯೂ ಕಿತ್ತಿಳೆಯೂ ಪ್ರತಿ ಊರಿನಲ್ಲಿ ಸಮೃದ್ಧಿಯಾಗಿ ದೊರೆಯುತ್ತವೆ.

ಈಗ ಕುಮಟೆಗೆ ಮರಳಿ ಕೆಲವು ತಿಂಗಳಾದುವು. ನಲ್ಲಿಯ ಕೆಳಗೆ ಬೋಗುಣಿಯಿಟ್ಟು ಪಾತ್ರೆ ತೊಳೆಯುವುದನ್ನು ನಾನು ಇನ್ನೂ ಬಿಟ್ಟಿಲ್ಲ. ಅಕ್ಕಿ ತೊಳೆದ ನೀರು ಹಿತ್ತಿಲ ಬಸಳೆಗೆ ಹೋಗುತ್ತದೆ. ನೆರೆಮನೆಯವರು ಕಂಡು, “ಪರದೇಶಕ್ಕೆ ಹೋಗಿ ಬಂದು ಇದನ್ನೇ ಕಲಿತಿರಾ?” ಎಂದು ನಗುತ್ತಾರೆ. ಹೌದೆನ್ನುತ್ತೇನೆ.