ಚಹಾ, ಸುರಂಗ ಮತ್ತು ಪಂಪನ ತಮ್ಮ

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಕಾಚಿಗುಡದ ಇರಾನಿ ಹೋಟೆಲಿನಲ್ಲಿ ಕನ್ನಡ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಇದೇ ಕಾಚಿಗುಡದಲ್ಲಿ. ಮೈಸೂರು, ಬೆಂಗಳೂರು ಕಡೆಯ ರೈಲುಗಳು ಬಂದು ನಿಲ್ಲುವುದೂ ಇಲ್ಲೇ. 1916ರಲ್ಲಿ ಕಟ್ಟಿದ ಸ್ಟೇಷನ್ನಿನ ಗುಮ್ಮಟಗಳಿಗೆ ಬಿಸಿಲು ತಾಕುವಷ್ಟರಲ್ಲಿ ರಾತ್ರಿ ಗಾಡಿಯಿಂದ ಇಳಿದವರೆಲ್ಲ ಆಟೊ ಹತ್ತಿ ಹೋಗಿರುತ್ತಾರೆ. ಹೋಟೆಲಿನ ಮೂಲೆಯ ಮೇಜಿಗೆ ನಮ್ಮವರು ಒಬ್ಬೊಬ್ಬರಾಗಿ ಬಂದು ಸೇರುವ ಹೊತ್ತು ಅದು.

ಮೇಜು ಅಮೃತಶಿಲೆಯದು. ಒಂದು ಅಂಚು ಒಡೆದಿದೆ, ಮೈತುಂಬ ಸಾಸರಿನ ಕಂದು ಬಳೆಗಳು. ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ಡಿಕಾಕ್ಷನ್, ಇನ್ನೊಂದರಲ್ಲಿ ಕಾದೂ ಕಾದೂ ಕೆನೆಗಟ್ಟಿದ ಹಾಲು. ಎರಡೂ ಕೂಡುವುದು ಕಪ್ಪಿನಲ್ಲೇ. ತರುವ ಹುಡುಗ ಕಪ್ಪನ್ನು ಸಾಸರಿನ ಮೇಲೆ ಎಂಥ ರಭಸದಲ್ಲಿ ಕುಕ್ಕುತ್ತಾನೆಂದರೆ ಕಾಲುಭಾಗ ಚಹಾ ಸಾಸರಿಗೇ ಸೇರುತ್ತದೆ. ಅದನ್ನು ಸುರ್‌ ಎಂದು ಹೀರಿದ ಮೇಲೆಯೇ ಕಪ್ಪಿಗೆ ಬಾಯಿ. ಪಕ್ಕದಲ್ಲಿ ಉಸ್ಮಾನಿಯಾ ಬಿಸ್ಕತ್ತು. ಅದ್ದಿ ಎತ್ತುವುದು ಕ್ಷಣ ತಡವಾದರೆ ಅರ್ಧ ಕಪ್ಪಿನೊಳಗೆ.

ರೈಲ್ವೆಯಿಂದ ನಿವೃತ್ತರಾದ ರಾಯಚೂರು ಕಡೆಯ ಹಿರಿಯರೊಬ್ಬರು ನಮಗೆಲ್ಲ ‘ಕಾಕಾ’. ಇತಿಹಾಸ ಕಲಿಸಿ ಸಾಕಾಗಿ, ಈಗ ಮತ್ತೆ ಓದಲು ಹಿಡಿದಿರುವ ಮೇಷ್ಟ್ರು ಇದ್ದಾರೆ. ಬ್ಯಾಂಕಿನಲ್ಲಿರುವ ಕಲಬುರಗಿಯ ಅಕ್ಕ, ಹಳೆ ಪುಸ್ತಕ ಮಾರುವ ಬೀದರಿನ ಭಾಯಿ, ಗಚ್ಚಿಬೌಲಿಯಲ್ಲಿ ಕಂಪ್ಯೂಟರ್ ಕುಟ್ಟುವ ಹುಬ್ಬಳ್ಳಿ ಹುಡುಗ, ಜೊತೆಗೆ ನಾನು. ಎಲ್ಲರಿಗೂ ಹಳೆಯ ಕಲ್ಲಿನ ಹುಚ್ಚು. ಮೇಜಿಗೆ ಇರುವುದು ಒಂದೇ ಕಾನೂನು: ರಹಸ್ಯ ತಂದವರು ಸಾಕ್ಷಿಯನ್ನೂ ತರಬೇಕು. ಸಾಕ್ಷಿ ಇಲ್ಲದಿದ್ದರೆ ಆ ಸುತ್ತಿನ ಚಹಾ ಅವರ ಲೆಕ್ಕಕ್ಕೆ.

ಹುಡುಗನಿಗೆ ಕಾನೂನು ಇನ್ನೂ ಮೈಗೂಡಿಲ್ಲ. ಹಿಂದಿನ ದಿನವಷ್ಟೇ ಗೋಲ್ಕೊಂಡ ಹತ್ತಿ ಬಂದಿದ್ದ. “ಅಲ್ರೀ ಸರ್, ಅಲ್ಲಿಂದ ಚಾರ್‌ಮಿನಾರಿಗೆ ಸುರಂಗ ಐತಂತಲ್ರೀ? ಗೈಡ್ ಬಾಗಲಾನೂ ತೋರಿಸಿದ್ರೀ, ಜಾಳಿಗಿ ಹಾಕ್ಯಾರ.”

ಭಾಯಿ ನಕ್ಕರು. “ಹೈದ್ರಾಬಾದಿನಾಗ ಹುಟ್ಟಿದ ಪ್ರತಿ ಪೋರನೂ ಆ ಸುರಂಗದಾಗ ಒಂದ್ಸಲ ಹೋಗ್ಯಾನ ಮಿಯಾ, ಕನಸಿನಾಗ.”

ಕಾಕಾ ಮಾತಾಡಲಿಲ್ಲ. ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಅಡ್ಡಕ್ಕೊಂದು ಅಂಕುಡೊಂಕು ಗೆರೆ ಎಳೆದರು. ಗೆರೆಯ ಮೇಲೆ ಒಂದು ಬಿಸ್ಕತ್ತು, ಕೆಳಗೆ ಒಂದು ಬಿಸ್ಕತ್ತು. “ಇದು ಗೋಲ್ಕೊಂಡ. ಇದು ಚಾರ್‌ಮಿನಾರ. ನಡುವ ಏನದ?”

“ಏನ್ರೀ?”

“ಮೂಸಿ ಹೊಳಿ ಅದೋ ತಮ್ಮಾ! ನಿನ್ನ ಸುರಂಗ ಹೊಳಿ ಬುಡಕ ಹಾಯಬೇಕು. ಅದೂ ಕರಿಕಲ್ಲಿನ ಬಂಡಿಯೊಳಗ. ಸುರಂಗ ಇದ್ದಿದ್ರ 1578ರಾಗ ಇಬ್ರಾಹಿಂ ಕುತುಬ್ ಷಾ ಪುರಾನಾ ಪುಲ್ ಯಾಕ ಕಟ್ಟಿಸ್ತಿದ್ದ?”

ಅಕ್ಕ ಬಿಡಲಿಲ್ಲ. “ಆಗ ಚಾರ್‌ಮಿನಾರ ಎಲ್ಲಿತ್ರೀ ಕಾಕಾ? ಅದು 1591ರದ್ದು. ನಿಮ್ಮ ಪುಲ್ಲಿಗಿಂತ ಹದಿಮೂರು ವರ್ಷ ಸಣ್ಣದು.”

“ಹಂಗಾರ ಹಿಂಗ ಕೇಳ್ತೀನಿ: ಗಟ್ಟಿ ಪುಲ್ಲು ಕೈಯಾಗಿದ್ದ ಮ್ಯಾಲ ಸುರಂಗ ಯಾಕ ಬೇಕಾತು? ಇಷ್ಟು ಮಷಿನ್ ಇಟ್ಟುಕೊಂಡ ಮೆಟ್ರೊದವರೇ ಈ ಊರಾಗ ಕಂಬದ ಮ್ಯಾಲ ಓಡಾಡಾಕತ್ಯಾರ.”

ಚಹಾದ ಲೆಕ್ಕ ಹುಡುಗನ ಹೆಸರಿಗೆ ಬಿತ್ತು. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಗೋಲ್ಕೊಂಡದಲ್ಲಿ ನಿಜವಾದ ಸೋಜಿಗವೊಂದು ಕಣ್ಣೆದುರೇ ಇದೆ. ಬಾಲಾ ಹಿಸಾರ್ ದರವಾಜೆಯ ಗುಮ್ಮಟದ ಕೆಳಗೆ, ಗೊತ್ತಾದ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ನೆತ್ತಿಯ ಮಂಟಪದಲ್ಲಿ ಕೂತವನಿಗೆ ಕೇಳಿಸುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತಟ್ಟಿ ನೋಡಿ, ಮೇಲಿನವನಿಗೆ ಸುದ್ದಿಯೇ ಇಲ್ಲ. ಗುಮ್ಮಟದ ಒಳಮೈಯನ್ನು ಹರಳಿನ ಮುಖಗಳಂತೆ ಸೀಳಿ ಸೀಳಿ ಕಟ್ಟಿದ ಗಾರೆಯವರ ಲೆಕ್ಕಾಚಾರ ಅದು. ಗೈಡುಗಳು ಆ ಚಪ್ಪಾಳೆಗೆ ಎರಡು ನಿಮಿಷ ಕೊಟ್ಟು ಸುರಂಗಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಕೇಳುವವರೂ ಹಾಗೇ ಇದ್ದೇವೆ ಬಿಡಿ.

ಎರಡನೇ ಸುತ್ತಿಗೆ ಭಾಗಮತಿ ಬಂದಳು. ಈ ಮೇಜಿನ ಮೇಲೆ ಅವಳ ವ್ಯಾಜ್ಯ ಮುಗಿದದ್ದೇ ಇಲ್ಲ. ಕಥೆ ಎಲ್ಲರಿಗೂ ಗೊತ್ತು: ಚಿಚ್ಲಂ ಎಂಬ ಹಳ್ಳಿಯ ಹುಡುಗಿ, ಅವಳಿಗಾಗಿ ತುಂಬಿದ ಮೂಸಿಗೆ ಕುದುರೆ ಇಳಿಸಿದ ರಾಜಕುಮಾರ ಮುಹಮ್ಮದ್ ಕುಲಿ, ಮಗ ಕೊಚ್ಚಿಹೋದಾನೆಂದು ಹೆದರಿ ಸೇತುವೆ ಕಟ್ಟಿಸಿದ ಅಪ್ಪ, ಕೊನೆಗೆ ಅವಳ ಹೆಸರಿನಲ್ಲಿ ಭಾಗನಗರ, ಅದೇ ಮುಂದೆ ಹೈದರಾಬಾದ್.

ಮೇಷ್ಟ್ರು ಲೆಕ್ಕ ಹಾಕಿಸಿದರು. ಮುಹಮ್ಮದ್ ಕುಲಿ ಹುಟ್ಟಿದ್ದು 1566ರ ಆಸುಪಾಸು. ಸೇತುವೆ 1578ರದು. “ಹನ್ನೆರಡು ವರ್ಷದ ಹುಡುಗ ಪ್ರವಾಹದಲ್ಲಿ ಕುದುರೆ ಈಜಿಸಿ ಪ್ರೇಮ ಮಾಡಿದನೇ? ನಾನು ಆ ವಯಸ್ಸಿನವರಿಗೆ ಪಾಠ ಮಾಡಿದವನು. ನೋಟ್‌ಬುಕ್ ತರೋದನ್ನೇ ಮರೆತುಬಿಡ್ತಿದ್ವು.”

ಇತಿಹಾಸಕಾರ ಎಚ್.ಕೆ. ಶೇರ್ವಾನಿಯವರೂ ಭಾಗಮತಿಯನ್ನು ಕಟ್ಟುಕಥೆ ಎಂದೇ ತಳ್ಳಿಹಾಕಿದರು. ಅವಳ ಹೆಸರಿನ ಶಾಸನವಿಲ್ಲ, ಸಮಾಧಿಯೂ ಇಲ್ಲ. ಗೋಲ್ಕೊಂಡದ ಪಕ್ಕದ ಕುತುಬ್ ಷಾಹಿ ಗೋರಿಗಳ ತೋಟದಲ್ಲಿ ಮುಹಮ್ಮದ್ ಕುಲಿಯ ಮಗಳು ಹಯಾತ್ ಬಕ್ಷಿ ಬೇಗಂಗೆ ಭರ್ಜರಿ ಗುಮ್ಮಟವಿದೆ. ತಾರಾಮತಿ, ಪ್ರೇಮಾಮತಿ ಎಂಬ ಕಲಾವಿದೆಯರಿಗೂ ಜಾಗ ಸಿಕ್ಕಿದೆ. ಊರಿಗೇ ಹೆಸರು ಕೊಟ್ಟವಳಿಗೆ ಮೂರು ಮೊಳ ನೆಲ ಸಿಗಲಿಲ್ಲವೆಂದರೆ ಹೇಗೆ?

ಭಾಯಿ ಸುಮ್ಮನಿರುವವರಲ್ಲ. ಬೀದರಿನವರಾದರೂ ಭಾಗಮತಿಯ ವಿಷಯಕ್ಕೆ ಬಂದರೆ ಹಳೇ ಊರಿನ ವಕೀಲರು. “ಅಕ್ಬರನ ರಾಯಭಾರಿ ಫೈಜಿ ದಖ್ಖನಿಗೆ ಬಂದಾಗ ಊರು ಹುಟ್ಟಿ ಎಷ್ಟು ವರ್ಷ ಆಗಿತ್ತು? ಎರಡು ಮೂರು. ಅವನೇ ಬರದಾನ, ಸುಲ್ತಾನ ತನ್ನ ಪ್ರೇಯಸಿ ಹೆಸರಲೇ ಭಾಗನಗರ ಕಟ್ಟ್ಯಾನ ಅಂತ. ಮತ್ತ ಫರಿಶ್ತಾ? ಅವ ನಿಮ್ಮ ಬಿಜಾಪುರದಾಗೇ ಕುಂತು ಬರದವ. ಇಬ್ಬರು ಸಾಕ್ಷಿ ಸಾಲಂಗಿಲ್ಲೇನು?”

ಇಲ್ಲಿ ನನ್ನ ಮತ ಅರ್ಧ ಭಾಯಿಯ ಕಡೆಗೆ. ಸೇತುವೆಯ ಕಥೆ ನಿಲ್ಲುವುದಿಲ್ಲ, ಸರಿ. ಆದರೆ ಸುಲ್ತಾನ ಬದುಕಿರುವಾಗಲೇ, ನೆರೆಯ ರಾಜ್ಯದ ಚರಿತ್ರೆಕಾರನೂ ಮೊಗಲರ ರಾಯಭಾರಿಯೂ ಒಂದೇ ಹೆಸರು ಹೇಳಿದ್ದಾರೆಂದರೆ ಅದನ್ನು ಬರೀ ಕಟ್ಟುಕಥೆ ಎನ್ನುವುದು ಕಷ್ಟ. ಪಟ್ಟದ ಬಳಿಯ ಗುಸುಗುಸು ಎಂದರೂ ಗುಸುಗುಸುವಿಗೊಂದು ಮೂಲ ಇರಬೇಕಲ್ಲ. ಮೇಷ್ಟ್ರು ಒಪ್ಪಲಿಲ್ಲ. ಚಹಾದ ದುಡ್ಡನ್ನು ಇಬ್ಬರೂ ಹಂಚಿಕೊಂಡರು.

ನಾಂಪಲ್ಲಿ ಪಬ್ಲಿಕ್ ಗಾರ್ಡನ್ನಿನ ಮ್ಯೂಸಿಯಂನಲ್ಲಿರುವ ಈಜಿಪ್ಟಿನ ಮಮ್ಮಿಯ ಪ್ರಸ್ತಾಪವೂ ಬಂತು. ಆರನೇ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ ಕೊಂಡು ತಂದದ್ದು ಅದು. 1930ರಲ್ಲಿ ಮ್ಯೂಸಿಯಂ ಸೇರಿತು. ದುಡ್ಡಿದ್ದವರ ಶೋಕಿ ಎಂದು ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು. ಅವರಿಗೆ ಅವಸರವಿತ್ತು, ಮಸ್ಕಿಗೆ ಬರಬೇಕಾಗಿತ್ತು.

ಮಸ್ಕಿಯ ಮಾತು ಬಂದರೆ ಕಾಕಾ ಕೂತಲ್ಲೇ ಒಂದು ಗೇಣು ಎತ್ತರವಾಗುತ್ತಾರೆ. ಬ್ರಾಹ್ಮಿ ಲಿಪಿಯನ್ನು ಪ್ರಿನ್ಸೆಪ್ ಓದಿದ್ದು 1837ರಲ್ಲಿ. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ಆಜ್ಞೆ ಬರೆಸಿದ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರು? ಅಶೋಕನಿರಬೇಕು ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಆಜ್ಞೆಗಳಲ್ಲಿ ಅವನ ಹೆಸರು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕಂಡ. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ಹೈದರಾಬಾದಿನಲ್ಲಿ ಗುಲಾಂ ಯಜ್ದಾನಿಯವರ ಕೈಕೆಳಗೆ ಪುರಾತತ್ವ ಇಲಾಖೆ ಶುರುವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಶಾಸನ ಓದಿದರು, ಅಶೋಕನ ಹೆಸರು ಅಲ್ಲಿ ಸಾಫ್ ಸೀದಾ ಇತ್ತು. ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವೇ ಅದು.

“ಹತ್ರ ಹತ್ರ ಎಂಟು ದಶಕದ ಒಗಟು. ಬಿಡಿಸಿದ್ದು ನಮ್ಮ ಜಿಲ್ಲಾದ ಬಂಡಿ,” ಎಂದರು ಕಾಕಾ. “ಹುಡುಕಾಕ ಹೋದದ್ದು ಬಂಗಾರ. ಸಿಕ್ಕವ ಅಶೋಕ.”

ಅಕ್ಕನಿಗೂ ತಮ್ಮ ಜಿಲ್ಲೆಯ ಪಾಲು ಬೇಕಲ್ಲ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದೂ ಅಶೋಕನ ಶಾಸನ. ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ರಾಣಿಯೊಡನೆ ನಿಂತ ರಾಜನ ಶಿಲ್ಪ ಸಿಕ್ಕಿತು, ‘ರಾಯೊ ಅಸೋಕೊ’ ಎಂದು ಕೆತ್ತಿದ್ದು. “ಹೆಸರು ನಿಮ್ಮಲ್ಲಿರ್ಲಿ ಕಾಕಾ, ಮಖ ನಮ್ಮಲ್ಲದ,” ಎಂದು ಅಕ್ಕ ಬಿಸ್ಕತ್ತು ಮುರಿದರು.

ಬಿಡಿಸಲಾಗದ ಒಗಟು ಬೇಕೆಂದು ಹುಡುಗ ಹಟ ಹಿಡಿದಾಗ ಕಾಕಾ ಅವನಿಗೆ ಮುಡುಮಾಲ್ ಕೊಟ್ಟರು. ರಾಯಚೂರಿಗೆ ಹೋಗುವ ರೈಲು ಕೃಷ್ಣೆ ದಾಟುವ ಸೀಮೆಯಲ್ಲಿ, ನಾರಾಯಣಪೇಟೆ ಜಿಲ್ಲೆಯ ಹೊಲಗಳ ನಡುವೆ ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಹತ್ತಾರು ಕಲ್ಲುಗಳು ನೆಟ್ಟಗೆ ನಿಂತಿವೆ. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನವು ಎನ್ನುತ್ತಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ಬಹುಕಾಲ ಅಲ್ಲಿ ಅಧ್ಯಯನ ಮಾಡಿ, ಸೂರ್ಯನ ಅಯನದ ದಿನಗಳಿಗೆ ಆ ಸಾಲುಗಳು ಹೊಂದುತ್ತವೆ, ಒಂದು ಕಲ್ಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲವೇ ಇದೆ ಎಂದು ತೋರಿಸಿದರು. 2025ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ನಿಲ್ಲಿಸಿದವರು ಯಾರು, ಯಾವ ಭಾಷೆಯವರು? ಒಂದಕ್ಷರ ಬರೆದಿಟ್ಟಿಲ್ಲ. ಊರವರು ಒಂದು ಕಲ್ಲಿಗೆ ಎಲ್ಲಮ್ಮನೆಂದು ಕುಂಕುಮ ಹಚ್ಚಿ ಕೈಮುಗಿಯುತ್ತಾರೆ.

ಮೇಷ್ಟ್ರು ಅಷ್ಟು ಹೊತ್ತು ಕಾದಿದ್ದದ್ದು ಪಂಪನಿಗಾಗಿ. ಅದು ಅವರ ಆಸ್ತಿ.

ಪಂಪ ಭಾರತ ಬರೆದದ್ದು 941ರಲ್ಲಿ, ವೇಮುಲವಾಡ ಚಾಲುಕ್ಯರ ಅರಿಕೇಸರಿಯ ಆಸ್ಥಾನದಲ್ಲಿ. ವೇಮುಲವಾಡ ಇರುವುದು ಇವತ್ತಿನ ತೆಲಂಗಾಣದ ನಟ್ಟನಡುವೆ. ಅವನ ಹಿರೀಕರು ವೆಂಗಿ ನಾಡಿನವರು, ಅದು ಇನ್ನೂ ಪೂರ್ವಕ್ಕೆ. ಅವನು ಹೆಮ್ಮೆಯಿಂದ ಹೇಳಿಕೊಂಡದ್ದು ಮಾತ್ರ ಪುಲಿಗೆರೆಯ ತಿರುಳ್ಗನ್ನಡ. ಪುಲಿಗೆರೆ ಎಂದರೆ ಗದಗ ಸೀಮೆಯ ಲಕ್ಷ್ಮೇಶ್ವರ. ಗೋದಾವರಿಯ ಮಗ್ಗುಲಿನವನಿಗೆ ಮಲಪ್ರಭೆ–ತುಂಗಭದ್ರೆಗಳ ನಡುವಿನ ಮಾತು ಬಂದದ್ದು ಹೇಗೆ?

ಉತ್ತರ ಕರೀಂನಗರ ಜಿಲ್ಲೆಯ ಕುರಿಕ್ಯಾಲದಲ್ಲಿದೆ. ಕಳೆದ ಚಳಿಗಾಲದಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೋಗಿದ್ದರು. ಭತ್ತದ ಗದ್ದೆಗಳ ಆಚೆ ಕಲ್ಲುಗುಡ್ಡ. ಊರವರ ಬಾಯಲ್ಲಿ ಬೊಮ್ಮಲಮ್ಮ ಗುಟ್ಟ. ಬಂಡೆಯ ಮೈಯಲ್ಲಿ ಜೈನ ಯಕ್ಷಿ ಚಕ್ರೇಶ್ವರಿ ಕೂತಿದ್ದಾಳೆ, ಜೊತೆಗೆ ಜಿನಬಿಂಬಗಳು, ಅಲ್ಲೇ ಸಾಲು ಸಾಲು ಅಕ್ಷರ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ. ಲಿಪಿ ಮಾತ್ರ ಒಂದೇ. ಆಗಿನ್ನೂ ಕನ್ನಡಕ್ಕೂ ತೆಲುಗಿಗೂ ಬೇರೆ ಬೇರೆ ಬರಹ ಇರಲಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಗೀರುಗಳೊಳಗೆ ನೆರಳು ತುಂಬಿ ಅಕ್ಷರ ಎದ್ದು ಬರುತ್ತವೆ. ಅಕ್ಕ ಕಲ್ಲು ಮುಟ್ಟದೆ ಗಾಳಿಯಲ್ಲೇ ಬೆರಳಾಡಿಸುತ್ತ ಜಿ... ನ... ವ... ಎಂದು ಕೂಡಿಸಿಕೊಂಡು ಓದಿದರು.

ಜಿನವಲ್ಲಭ ಪಂಪನ ಸ್ವಂತ ತಮ್ಮ. ಅಣ್ಣನ ಕಾವ್ಯದಲ್ಲಿ ಸಿಗದ ಮನೆಯ ಸಮಾಚಾರವನ್ನೆಲ್ಲ ಅವನು ಕಲ್ಲಿಗೆ ಹೇಳಿದ್ದಾನೆ. ತಂದೆ ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಾನು ಕಟ್ಟಿಸಿದ ಬಸದಿ ತ್ರಿಭುವನತಿಲಕ, ತೋಟ ಮದನವಿಲಾಸ, ಕೆರೆ ಕವಿತಾಗುಣಾರ್ಣವ. ಕೆರೆಗಿಟ್ಟದ್ದು ಅಣ್ಣನ ಬಿರುದು.

ಅಣ್ಣಿಗೇರಿಯಿಂದ ಲಕ್ಷ್ಮೇಶ್ವರ ಎತ್ತಿನ ಗಾಡಿಗೂ ದೂರವೇನಲ್ಲ. ಪಂಪನಿಗೆ ಕನ್ನಡ ಬಂದದ್ದು ತಾಯಿಯ ತವರಿನಿಂದ ಎಂದು ಮೇಷ್ಟ್ರು ವಾದಿಸುತ್ತಾರೆ, ನಾನೂ ಅದನ್ನೇ ನಂಬುತ್ತೇನೆ. ಪಂಪ ಹುಟ್ಟಿದ್ದೇ ಅಣ್ಣಿಗೇರಿಯಲ್ಲಿ ಎನ್ನುವವರೂ ಇದ್ದಾರೆ; ಹಿಂದೆ ಚೊಚ್ಚಲ ಬಾಣಂತನ ತವರಲ್ಲೇ ಆಗುತ್ತಿದ್ದುದನ್ನು ನೆನೆದರೆ ಅದೂ ಅಸಂಭವವಲ್ಲ. ಸುರಂಗವನ್ನು ನಂಬುವ ಮಂದಿಗೆ ಇಷ್ಟು ಸರಳ ಉತ್ತರ ರುಚಿಸಲಿಕ್ಕಿಲ್ಲ.

ತೆಲುಗರಿಗೂ ಈ ಬಂಡೆ ಪ್ರಾಣ. ಅವರ ಆದಿಕವಿ ನನ್ನಯನಿಗಿಂತ ಮುಂಚಿನ ತೆಲುಗು ಕಂದಪದ್ಯಗಳು ಇರುವುದು ಇಲ್ಲೇ. ಶಾಸ್ತ್ರೀಯ ಭಾಷೆಯ ಸ್ಥಾನ ಕೇಳುವಾಗ ಅವರು ಇವನ್ನೂ ಮುಂದಿಟ್ಟಿದ್ದರು. ಆ ಸ್ಥಾನ 2008ರ ಅಕ್ಟೋಬರ್ 31ರಂದು ಎರಡೂ ಭಾಷೆಗಳಿಗೆ ಒಟ್ಟಿಗೇ ಸಿಕ್ಕಿತು. ಇಷ್ಟಾದರೂ ನಾವು ಹೋದ ದಿನ ಗುಡ್ಡದ ಮೇಲಿದ್ದವರು ನಾವು ಮತ್ತು ಮೇಕೆ ಕಾಯುವ ಒಬ್ಬ ಅಜ್ಜ. “ಚಕ್ರೇಶ್ವರಿ ಯಾರು ತಾತಾ?” ಎಂದು ಭಾಯಿ ತೆಲುಗಿನಲ್ಲಿ ಕೇಳಿದ್ದಕ್ಕೆ, “ಬೊಮ್ಮಲಮ್ಮ. ಮಳೆ ಕೊಡ್ತಾಳೆ,” ಎಂದಷ್ಟೇ ಹೇಳಿ ಅಜ್ಜ ಬೀಡಿ ಹಚ್ಚಿದ.

ಹೋಗುವವರಿಗೆ ದಾರಿ ಸುಲಭ. ಹೈದರಾಬಾದಿನಿಂದ ಕರೀಂನಗರಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಅಲ್ಲಿಂದ ಜಗತ್ಯಾಲ ರಸ್ತೆ ಹಿಡಿದರೆ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ. ನೀರು ಒಯ್ಯಿರಿ, ಬಿಸಿಲು ನೆತ್ತಿಗೇರುವ ಮುಂಚೆ ಹತ್ತಿರಿ, ಅಕ್ಷರಕ್ಕೆ ಸುಣ್ಣ ಬಳಿದು ಫೋಟೊ ತೆಗೆಯುವ ಕೆಲಸ ಮಾತ್ರ ಬೇಡ. ಅಣ್ಣಿಗೇರಿ ಕಡೆಯವರು ಚಾರ್‌ಮಿನಾರ್ ನೋಡಲೆಂದು ಈ ಊರಿಗೆ ಬಂದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಿಮ್ಮೂರಿನ ಹೆಣ್ಣುಮಗಳ ಹೆಸರು ಸಾವಿರ ವರ್ಷದಿಂದ ಅಲ್ಲಿ ಬಯಲಲ್ಲಿದೆ, ಯಾವ ಜಾಳಿಗೆಯೂ ಅಡ್ಡ ಇಲ್ಲ.