ಕುಗ್ಗಿದ ದನಿಗೆ ಚಿಕಿತ್ಸೆ

ಮಾತು ತೊದಲಿದರೆ ಕುಡಿದಿರಬೇಕೆಂದು ಶಂಕಿಸುವವರುಂಟು. ದನಿ ಕುಗ್ಗಿದರೆ ಬುದ್ಧಿ ಮಂಕಾಯಿತೆನ್ನುವವರೂ ಉಂಟು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ತುತ್ತಾದ ಕೆಲವರು ರೋಗದೊಡನೆ ಈ ಅಪವಾದವನ್ನೂ ಹೊರಬೇಕಾಗುತ್ತದೆ.

ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳನ್ನು ಮೈಲಿನ್ ಎಂಬ ಪೊರೆಯು ಆವರಿಸಿರುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಈ ಪೊರೆಯನ್ನು ಕೆಡಿಸಿದಾಗ ನರಸಂದೇಶಗಳು ನಿಧಾನಗೊಳ್ಳುತ್ತವೆ. ಉಸಿರು, ಧ್ವನಿಪೆಟ್ಟಿಗೆ, ನಾಲಿಗೆ, ತುಟಿಗಳ ಹೊಂದಾಣಿಕೆ ತಪ್ಪಿ ದನಿ ಕ್ಷೀಣಿಸುತ್ತದೆ, ಇಲ್ಲವೆ ಬಿಗಿದುಕೊಳ್ಳುತ್ತದೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಎಣಿಸಿದಂತೆ ನುಡಿಯುವ ಲಕ್ಷಣವನ್ನು ಪ್ಯಾರಿಸಿನ ವೈದ್ಯ ಷಾರ್ಕೊ 1868ರಲ್ಲಿಯೇ ಗುರುತಿಸಿದ್ದನು.

ಧ್ವನಿಚಿಕಿತ್ಸೆಯು ರೋಗವನ್ನು ನೀಗಿಸದು. ಉಳಿದ ಶಕ್ತಿಯ ಸದುಪಯೋಗವನ್ನು ಕಲಿಸುತ್ತದೆ. ಗಂಟಲಿನ ಪರೀಕ್ಷೆಯಾದ ಬಳಿಕ ವಾಕ್‌ಚಿಕಿತ್ಸಕರು, ನೆಟ್ಟಗೆ ಕುಳಿತು ಉಸಿರು ತುಂಬಿಕೊಂಡು ಮಾತನ್ನಾರಂಭಿಸುವುದನ್ನೂ, ಉಸಿರು ಬರಿದಾಗುವ ಮುನ್ನವೇ ನಿಲ್ಲಿಸುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಪಾರ್ಕಿನ್ಸನ್ ರೋಗಿಗಳಿಗಾಗಿ ರೂಪುಗೊಂಡ ಲೀ ಸಿಲ್ವರ್‌ಮನ್ ಪದ್ಧತಿಯನ್ನು ಇವರಲ್ಲಿಯೂ ಕೆಲವರಿಗೆ ಬಳಸುವುದುಂಟು: ವಾರಕ್ಕೆ 4 ದಿನ, ದಿನಕ್ಕೊಂದು ಗಂಟೆಯಂತೆ 4 ವಾರ ದನಿಯೆತ್ತಿ ನುಡಿಯುವ ಸಾಧನೆಯದು. ಆದರೆ ಬಿಗಿದ ದನಿಗೆ ಬೇಕಾದುದು ಸಡಿಲಿಕೆ, ಗಟ್ಟಿತನವಲ್ಲ. ಆದ್ದರಿಂದ ತಜ್ಞರ ಸಲಹೆಯಿಲ್ಲದ ಅಭ್ಯಾಸ ತರವಲ್ಲ. ನುಂಗುವಾಗ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು.

ಸೆಕೆ, ಆಯಾಸಗಳಿಂದ ಲಕ್ಷಣಗಳು ಉಲ್ಬಣಿಸುವುದರಿಂದ ಮುಂಬಯಿ, ಚೆನ್ನೈಗಳಂಥ ಊರುಗಳಲ್ಲಿ ಅಭ್ಯಾಸಕ್ಕೆ ಬೆಳಗಿನ ತಂಪುಹೊತ್ತು ಲೇಸು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುತ್ತ ಬಂದಿದೆ.

ಮನೆಯವರ ಪಾಲೂ ಕಿರಿದಲ್ಲ. ಟಿ.ವಿ. ಆರಿಸಿ, ಎದುರು ಕುಳಿತು, ರೋಗಿಯ ವಾಕ್ಯವನ್ನು ತಾವೇ ಮುಗಿಸದೆ ಆಲಿಸಬೇಕು. ಕೇಳುವ ಕಿವಿಯಿದ್ದರೆ ಕುಗ್ಗಿದ ದನಿಗೂ ನುಡಿಯುವ ಹುಮ್ಮಸ್ಸು ಮೂಡುತ್ತದೆ.