ಕಾಗದದ ಫಿಲ್ಟರಿನ ಕಾಫಿ ಸಾಧನ: ಉಡುಗೊರೆಗಾಗಿ ಆರಿಸುವ ಕ್ರಮ

ಮದುವೆ, ಗೃಹಪ್ರವೇಶ, ಉಪಾಧ್ಯಾಯರ ನಿವೃತ್ತಿ ಮೊದಲಾದ ಸಮಾರಂಭಗಳಲ್ಲಿ ಆಯೇರು ಮಾಡುವ ಪದ್ಧತಿಯು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳಲ್ಲಿ ರೂಢಿಯಾಗಿರುವುದು ಎಲ್ಲರಿಗೂ ತಿಳಿದ ವಿಷಯವೇ. ಊರಿನ ಹಿರಿಯರು ಕೊಟ್ಟ ವಸ್ತುವು ನಿತ್ಯದ ಉಪಯೋಗಕ್ಕೆ ಬಂದರೆ ಕೊಟ್ಟವರಿಗೂ ಪಡೆದವರಿಗೂ ಸಂತೋಷವುಂಟು; ಅದು ಅಟ್ಟವನ್ನು ಸೇರಿದರೆ ಹಣವು ವ್ಯರ್ಥವಾಯಿತೆಂದೇ ತಿಳಿಯಬೇಕು. ಕಾಗದದ ಫಿಲ್ಟರಿನ ಕಾಫಿ ಸಾಧನವು ಈಗ ಇಂತಹ ಉಡುಗೊರೆಗಳಲ್ಲಿ ಒಂದಾಗಿರುವುದರಿಂದ, ಅದನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸಾಧನದ ಮೂಲ

ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಎಂಬಾಕೆಯು 1908ರಲ್ಲಿ ಇದನ್ನು ಕಂಡುಹಿಡಿದಳು. ತೂತು ಕೊರೆದ ಹಿತ್ತಾಳೆಯ ಪಾತ್ರೆಯೊಳಗೆ ಮಗನ ಪುಸ್ತಕದ ಒತ್ತುಕಾಗದವನ್ನಿಟ್ಟು ಆಕೆ ಕಾಫಿಯನ್ನು ಸೋಸಿದಳು. ಗಸಿಯಿಲ್ಲದ ತಿಳಿಯಾದ ಕಾಫಿ ದೊರೆಯಿತು. ಇಂದಿನ ಸಾಧನದ ತತ್ತ್ವವೂ ಇದೇ ಆಗಿರುತ್ತದೆ.

ಪಡೆಯುವವರ ಅಭ್ಯಾಸ

ಮೊದಲು ವಿಚಾರಿಸತಕ್ಕದ್ದು ಆ ಮನೆಯವರು ಕಾಫಿಯನ್ನು ಹೇಗೆ ಕುಡಿಯುವರೆಂಬುದನ್ನು. ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಚಹಾ ರೂಢಿಯಲ್ಲಿದೆ. ಕಾಫಿ ಮಾಡುವವರು ಎಮ್ಮೆಯ ಹಾಲನ್ನೂ ಸಕ್ಕರೆ ಅಥವಾ ಬೆಲ್ಲವನ್ನೂ ಸೇರಿಸುತ್ತಾರೆ. ಅದಕ್ಕೆ ಗಟ್ಟಿ ಡಿಕಾಕ್ಷನ್ ಬೇಕು. ಕಾಗದದಿಂದ ಇಳಿಯುವ ಕಾಫಿಯು ತೆಳುವಾದುದರಿಂದ ಹಾಲಿನಲ್ಲಿ ಅದರ ರುಚಿ ಅಡಗಿಹೋಗುತ್ತದೆ. ಅಂತಹ ಮನೆಗೆ ಎರಡು ಅಂತಸ್ತಿನ ಸ್ಟೀಲ್ ಅಥವಾ ಹಿತ್ತಾಳೆಯ ಫಿಲ್ಟರೇ ಯೋಗ್ಯವಾದ ಉಡುಗೊರೆ. ಹಾಲಿಲ್ಲದ ಕಾಫಿಯನ್ನು ಬಯಸುವವರಿಗೆ ಮಾತ್ರ ಕಾಗದದ ಸಾಧನವನ್ನು ಕೊಡತಕ್ಕದ್ದು. ಸೋಸದೆ ಕುಡಿಯುವ ಕಾಫಿಯಲ್ಲಿನ ಜಿಡ್ಡು ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ. ಕಾಗದವು ಈ ಜಿಡ್ಡಿನ ಬಹುಭಾಗವನ್ನು ತಡೆಯುವುದು ಇದರ ಒಂದು ವಿಶೇಷ ಗುಣ.

ನೀರಿನ ವಿಚಾರ

ಇದು ಎಲ್ಲಕ್ಕಿಂತ ಮುಖ್ಯವಾದುದು. ಫಿಲ್ಟರು ಎಂಬ ಹೆಸರನ್ನು ಕೇಳಿ ಇದು ನೀರನ್ನೂ ಶುದ್ಧಿಮಾಡುವುದೆಂದು ಕೆಲವರು ಭಾವಿಸಬಹುದು. ಈ ಭಾವನೆ ಅಪಾಯಕರ. ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಅನೇಕ ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಪ್ರತಿ ಲೀಟರಿಗೆ 1 ಮಿಲಿಗ್ರಾಮ್ ಇರಬಹುದು. ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಮ್ ಕೊನೆಯ ಮಿತಿ. ಇದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲುಗಳು ಕಲೆಗಟ್ಟುತ್ತವೆ, ಎಲುಬುಗಳೂ ಕೀಲುಗಳೂ ಬಿಗಿಯುತ್ತವೆ. ಕಾಗದವು ನೀರಿನಲ್ಲಿ ಕರಗಿದ ಫ್ಲೋರೈಡನ್ನು ತಡೆಯುವುದಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಗಡಸು ನೀರಿನಿಂದ ಕಾಫಿಯ ರುಚಿಯೂ ಕೆಡುತ್ತದೆ, ವಿದ್ಯುತ್ ಸಾಧನದ ಒಳಗೆ ಸುಣ್ಣವೂ ಕಟ್ಟುತ್ತದೆ. ಆದುದರಿಂದ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕಾಫಿಗೂ ಬಳಸತಕ್ಕದ್ದೆಂದು ಉಡುಗೊರೆಯೊಡನೆ ತಿಳಿಸುವುದು ಹಿರಿಯರ ಕರ್ತವ್ಯ.

ಆಯ್ಕೆ

1. ವಿದ್ಯುತ್ ಸಾಧನಗಳಲ್ಲಿ ಅನೇಕವು 600ರಿಂದ 1000 ವ್ಯಾಟ್ ವಿದ್ಯುತ್ತನ್ನು ಬಳಸುತ್ತವೆ. ವಿದ್ಯುತ್ತು ನಿಂತುಹೋಗುವ ಊರುಗಳಿಗೆ ಕೈಯಿಂದ ನೀರು ಸುರಿಯುವ ಆಲಿಕೆಯಾಕಾರದ ಸಾಧನವೇ ಮೇಲು.

2. ಗಾಜು ಮತ್ತು ಪಿಂಗಾಣಿ ನೋಡಲು ಅಂದವಾಗಿದ್ದರೂ ಒಡೆಯುವುವು. ಮಕ್ಕಳಿರುವ ಮನೆಗೆ ಸ್ಟೀಲ್ ತಕ್ಕುದು.

3. ಕಾಗದಗಳಲ್ಲಿ ಮೊನಚು ತುದಿಯವು, ಚಪ್ಪಟೆ ತುದಿಯವು ಎಂಬ ಭೇದಗಳಿವೆ. ಒಂದರ ಕಾಗದವು ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಸಾಧನದ ಆಕಾರವನ್ನೂ ಅಳತೆಯ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು.

4. ದಿನಕ್ಕೊಂದರಂತೆ 100 ಕಾಗದಗಳು ಮೂರು ತಿಂಗಳಿಗೆ ಸಾಲುವುವು. ಹತ್ತಿರದ ಪೇಟೆಯಲ್ಲಿ ಇವು ದೊರೆಯದಿದ್ದರೆ ಸಾಧನವು ನಿಷ್ಪ್ರಯೋಜಕ. ಆದಕಾರಣ ಒಂದು ವರ್ಷಕ್ಕೆ ಸಾಕಾಗುವಷ್ಟು ಕಾಗದವನ್ನು ಜೊತೆಗೆ ಕೊಡುವುದು ಉತ್ತಮ.

5. ಚಿಕೋರಿ ಬೆರೆತ ಪುಡಿಯಿಂದ ಕಾಗದದಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ. ಪೊಟ್ಟಣದ ಮೇಲಿನ ಬರಹವನ್ನು ಓದಿ, ಸಣ್ಣ ರವೆಯಂತೆ ಬೀಸಿದ ಶುದ್ಧ ಕಾಫಿಪುಡಿಯನ್ನೇ ಕೊಳ್ಳತಕ್ಕದ್ದು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ್ದೇ ಆಗಿದೆ. ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರ ಮಾಲನ್ನು ಕೊಂಡಂತೆಯೂ ಆಗುವುದು.

ಉಪಯೋಗಿಸುವ ವಿಧಾನ

ಕಾಗದದ ಅಂಚನ್ನು ಮಡಿಸಿ ಸಾಧನದಲ್ಲಿ ಕೂಡಿಸಿ, ಬಿಸಿನೀರಿನಿಂದ ತೋಯಿಸಿ ಆ ನೀರನ್ನು ಚೆಲ್ಲಬೇಕು. 15 ಗ್ರಾಮ್ ಪುಡಿಗೆ 250 ಮಿಲಿಲೀಟರ್ ನೀರು ಸರಿಯಾದ ಪ್ರಮಾಣ. ಕುದಿದ ನೀರನ್ನು ಅರ್ಧ ನಿಮಿಷ ಇಳಿಸಿಟ್ಟು, ಮೊದಲು ಪುಡಿ ನೆನೆಯುವಷ್ಟೇ ಸುರಿದು, ಮತ್ತೆ ಅರ್ಧ ನಿಮಿಷ ಕಾದು ಉಳಿದುದನ್ನು ನಿಧಾನವಾಗಿ ಸುರಿಯಬೇಕು. ಒಟ್ಟು ಮೂರರಿಂದ ನಾಲ್ಕು ನಿಮಿಷಗಳಲ್ಲಿ ಕಾಫಿ ಇಳಿಯತಕ್ಕದ್ದು. ಬೇಗ ಇಳಿದರೆ ಪುಡಿಯನ್ನು ಇನ್ನಷ್ಟು ನುಣ್ಣಗೂ, ತಡವಾದರೆ ಇನ್ನಷ್ಟು ದಪ್ಪಗೂ ಬೀಸಿಸಬೇಕು. ಉಳಿದ ಗಸಿಯನ್ನು ಕಾಗದಸಹಿತವಾಗಿ ತಿಪ್ಪೆಗೆ ಸೇರಿಸಿದರೆ ಅದೂ ಕಳಿತು ಗೊಬ್ಬರವಾಗುವುದು.

ಕುಡಿಯುವವರ ರುಚಿ, ಮನೆಯ ನೀರು, ಕಾಗದದ ಪೂರೈಕೆ ಎಂಬ ಈ ಮೂರನ್ನು ವಿಚಾರಿಸಿ ಕೊಟ್ಟ ಉಡುಗೊರೆಯು ಚಿಕ್ಕದಾದರೂ ಬಹುಕಾಲ ಉಪಯುಕ್ತವಾಗುವುದು.